ಹಲ್ಲಿನ ಚಿಕಿತ್ಸೆಗೆ ಕಾನೂನು ಬೇಕೆ? ಮನವಿಯಲ್ಲಿ ಏನು ಕೇಳಬೇಕು?

ಪ್ರಶ್ನೆ: ಮೇಡಂ, ನಾವು ಲಗ್ಗೆರೆಯಲ್ಲಿದ್ದೇವೆ. ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅಮ್ಮನಿಗೆ 63 ವರ್ಷ, ನಮ್ಮ ಜೊತೆಯೇ ಇದ್ದಾರೆ. ದವಡೆ ಹಲ್ಲು ಹುಳುಕಾಗಿ ರಾತ್ರಿ ನಿದ್ದೆ ಇಲ್ಲ. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ರೂಟ್ ಕೆನಾಲ್, ಕ್ಯಾಪ್ ಎಲ್ಲ ಸೇರಿ ಒಂಬತ್ತು ಸಾವಿರ ಆಗುತ್ತೆ ಅಂದರು. ಸರ್ಕಾರದ ‘ನಮ್ಮ ಕ್ಲಿನಿಕ್’ಗೆ ಹೋದರೆ ನೋವಿನ ಮಾತ್ರೆ ಕೊಟ್ಟು, ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ಆಯುಷ್ಮಾನ್ ಕಾರ್ಡು ಇದೆ, ಹಲ್ಲಿಗೆ ನಡೆಯಲ್ಲ ಅಂತಾರೆ. ನಮ್ಮ ಸ್ತ್ರೀಶಕ್ತಿ ಸಂಘದವರು ಶಾಸಕರಿಗೆ ಮನವಿ ಕೊಡೋಣ, ಹಲ್ಲಿಗೂ ಒಂದು ಕಾನೂನು ಬರಲಿ ಅಂತಿದ್ದಾರೆ. ಅಂಥ ಕಾನೂನು ಮಾಡೋಕಾಗುತ್ತಾ? ಮನವಿಯಲ್ಲಿ ಏನು ಬರೆಯಬೇಕು?

ಉತ್ತರ: ಮೊದಲು ಅಮ್ಮನ ಹಲ್ಲು ನೋಡೋಣ, ಮನವಿಯ ಮಾತು ಆಮೇಲೆ. ಕೆನ್ನೆ ಊದಿಕೊಂಡು ಜ್ವರ ಬಂದರೆ, ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ಎಂಜಲು ನುಂಗಲು ಕಷ್ಟವಾದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಾತ್ರಿಯಾದರೂ ಸರಿ. ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದರೆ ಉಸಿರಾಟಕ್ಕೇ ತೊಂದರೆ ಆಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಎಚ್ಚರ ಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ ಎರಡು ದಿನ ನೋವು ತಗ್ಗಿಸಬಹುದು, ಹುಳುಕು ಮಾತ್ರ ಅಲ್ಲೇ ಇರುತ್ತದೆ.

ಗಾರ್ಮೆಂಟ್ಸ್‌ನಲ್ಲಿ ಕೆಲಸ ಅಂದಿದ್ದೀರಿ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ನಿಮಗೆ ಇಎಸ್ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇರಲೇಬೇಕು. ಸಂಬಳದ ಚೀಟಿ ನೋಡಿ: ನಿಮ್ಮ ಪಾಲು ಶೇ 0.75 ಹಿಡಿದಿರುತ್ತಾರೆ, ಕಂಪನಿಯವರು ಶೇ 3.25 ಕಟ್ಟುತ್ತಾರೆ. ನಿಮ್ಮ ದುಡಿಮೆಯನ್ನೇ ನಂಬಿರುವ ತಾಯಿಯೂ ಇಎಸ್ಐ ಲೆಕ್ಕದಲ್ಲಿ ಕುಟುಂಬಕ್ಕೆ ಸೇರುತ್ತಾರೆ. ಅವರ ಹೆಸರು ಸೇರಿಸಿದ್ದಾರಾ ಎಂದು ಎಚ್‌ಆರ್ ಬಳಿ ಕೇಳಿ. ಇಲ್ಲದಿದ್ದರೆ ಸೇರಿಸಿ ಎಂದು ಬರೆದುಕೊಡಿ. ಲಗ್ಗೆರೆಯಿಂದ ರಾಜಾಜಿನಗರದ ಇಎಸ್ಐ ಆಸ್ಪತ್ರೆ ದೂರವಿಲ್ಲ, ಅಲ್ಲಿ ದಂತ ವಿಭಾಗ ಇದೆ. ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ಇಎಸ್ಐಗೆ ಹಣ ಕಟ್ಟುತ್ತಲೇ ಹಲ್ಲಿಗೆ ಸಾಲ ಮಾಡಿ ಖಾಸಗಿ ಕ್ಲಿನಿಕ್‌ಗೆ ಹೋಗುತ್ತಾರೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಎಸ್ಐ ಆಗದಿದ್ದರೆ ಕೋಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯೂ ಇದೆ. ಖಾಸಗಿ ದಂತ ಕಾಲೇಜುಗಳ ಹೊರರೋಗಿ ವಿಭಾಗದಲ್ಲಿ ಕ್ಲಿನಿಕ್‌ಗಿಂತ ಬಹಳ ಕಡಿಮೆಗೆ ಆಗುತ್ತದೆ.

ಆದರೆ ಕಾಲೇಜಿಗೆ ಹೋಗುವ ಮುಂಚೆ ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದಿರಲಿ. ಬೆಳಗ್ಗೆ ಕೌಂಟರ್‌ನಲ್ಲಿ ಚೀಟಿ ಮಾಡಿಸಬೇಕು. ಒಂದು ವಿಭಾಗದಲ್ಲಿ ಬಾಯಿ ಪರೀಕ್ಷೆ ಮಾಡಿ ಕೇಸ್ ಶೀಟ್ ಬರೆಯುತ್ತಾರೆ, ಎಕ್ಸ್‌ರೇಗೆ ಇನ್ನೊಂದು ಕೊಠಡಿ, ಆಮೇಲೆ ರೂಟ್ ಕೆನಾಲ್ ವಿಭಾಗ. ಚಿಕಿತ್ಸೆ ಮಾಡುವವರು ವಿದ್ಯಾರ್ಥಿಗಳು, ಪ್ರತಿ ಹಂತಕ್ಕೂ ಮೇಲಿನ ಡಾಕ್ಟರ್ ಬಂದು ನೋಡಿ ಸಹಿ ಹಾಕಬೇಕು. ರೋಗಿಯ ಸುರಕ್ಷತೆಗೆ ಅದು ಬೇಕೇ ಬೇಕು, ಆದರೆ ಅದರಿಂದಲೇ ನಿಧಾನವಾಗುತ್ತದೆ. ಕ್ಲಿನಿಕ್‌ನಲ್ಲಿ ಒಂದೆರಡು ಸಲಕ್ಕೆ ಮುಗಿಯುವ ಹಲ್ಲಿಗೆ ಇಲ್ಲಿ ನಾಲ್ಕೈದು ಸಲ ಬರಬೇಕಾಗಬಹುದು. ಬಂದಾಗಲೆಲ್ಲ ಒಂದು ದಿನದ ಕೂಲಿ ಹೋಗುತ್ತದೆ, ಇಬ್ಬರ ಬಸ್ ಚಾರ್ಜು, ಹಾಜರಾತಿ ಬೋನಸ್ಸಿಗೂ ಕತ್ತರಿ. ಆಸ್ಪತ್ರೆಯ ಶುಲ್ಕ ನೂರಿನ್ನೂರು ಇದ್ದರೂ ಹಲ್ಲು ಉಳಿಸಿಕೊಳ್ಳಲು ಆಗುವ ಖರ್ಚು ಸಾವಿರಗಳಲ್ಲೇ ನಿಲ್ಲುತ್ತದೆ. ಅದಕ್ಕೇ ಜನ ಕೊನೆಗೆ ‘ಕಿತ್ತುಬಿಡಿ ಡಾಕ್ಟ್ರೇ’ ಅನ್ನುತ್ತಾರೆ. ನಿಮ್ಮ ಮನವಿಯಲ್ಲಿ ಮೊದಲು ಬರಬೇಕಾದ ಮಾತು ಇದು: ಚಿಕಿತ್ಸೆ ಎಲ್ಲೋ ಒಂದು ಕಡೆ ಅಗ್ಗವಾಗಿ ಸಿಗುವುದು ಸಾಲದು, ಮನೆಗೆ ಹತ್ತಿರವಿರಬೇಕು, ಒಂದೆರಡು ಸಲಕ್ಕೆ ಮುಗಿಯಬೇಕು.

ಆಯುಷ್ಮಾನ್ ಕಾರ್ಡು ಹಲ್ಲಿಗೆ ಯಾಕೆ ನಡೆಯಲ್ಲ ಎಂದರೆ, ಆ ಯೋಜನೆಯೇ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆಂದು ಮಾಡಿದ್ದು. ದವಡೆ ಮೂಳೆ ಮುರಿದು ಆಪರೇಷನ್ ಆದರೆ ಅದರಲ್ಲಿ ಪ್ಯಾಕೇಜ್ ಇದೆ. ಬಂದು, ಕೂತು, ತುಂಬಿಸಿಕೊಂಡು ಹೋಗುವ ಹುಳುಕು ಹಲ್ಲಿಗೆ ಇಲ್ಲ. ಹಲ್ಲಿನ ಕಾಯಿಲೆಯಲ್ಲಿ ಬಹುಪಾಲು ಹೊರರೋಗಿ ಚಿಕಿತ್ಸೆಯೇ ಆಗಿರುವುದರಿಂದ, ಬಡವರ ಅತಿದೊಡ್ಡ ಆರೋಗ್ಯ ಯೋಜನೆಯ ಬಾಗಿಲಲ್ಲೇ ಬಾಯಿ ಹೊರಗುಳಿಯಿತು.

ನಮ್ಮ ರಾಜ್ಯ ಸರ್ಕಾರ ಈ ವಿಷಯದಲ್ಲಿ ಏನೂ ಮಾಡಿಲ್ಲ ಎಂದಲ್ಲ. ದಂತ ಭಾಗ್ಯ ಯೋಜನೆ ತಂದಿತು. ಹಲ್ಲೆಲ್ಲ ಬಿದ್ದುಹೋದ ಬಿಪಿಎಲ್ ಕುಟುಂಬದವರಿಗೆ ಪುಕ್ಕಟೆ ಹಲ್ಲಿನ ಸೆಟ್ ಕೊಡುವ ಯೋಜನೆ ಅದು. ಮೊದಲು 60 ದಾಟಿದವರಿಗೆ ಇತ್ತು, ಬಳಿಕ ವಯಸ್ಸಿನ ಮಿತಿ 45ಕ್ಕೆ ಇಳಿಯಿತು. ಒಳ್ಳೆಯ ಕೆಲಸ. ರೊಟ್ಟಿ ಅಗಿಯಲಾಗದೆ ಗಂಜಿ ಕುಡಿದುಕೊಂಡಿದ್ದ ಹಿರಿಯರು ಸೆಟ್ ಹಾಕಿಸಿಕೊಂಡು ಮತ್ತೆ ಎಲ್ಲರ ಜೊತೆ ಊಟಕ್ಕೆ ಕೂರುವುದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಆದರೆ 45ರ ವಯಸ್ಸಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ ಎಂಬ ಸ್ಥಿತಿಗೆ ಜನ ಬರುತ್ತಾರೆ ಎಂದು ಸರ್ಕಾರವೇ ಲೆಕ್ಕ ಹಾಕಿ ಯೋಜನೆ ಮಾಡಬೇಕಾಯಿತಲ್ಲ, ಅದು ನನ್ನನ್ನು ಕಾಡುತ್ತದೆ. ಹಲ್ಲು ಹೋದ ಮೇಲೆ ಯೋಜನೆ ಇದೆ. ನಿಮ್ಮ ಅಮ್ಮನ ಹಾಗೆ ಇರುವ ಹಲ್ಲನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಮನೆ ಹತ್ತಿರ ಏನೂ ಇಲ್ಲ.

ಡಾಕ್ಟರ್‌ಗಳಿಗೆ ಬರವಿಲ್ಲ. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ, ಬೆಂಗಳೂರಿನ ಮುಖ್ಯರಸ್ತೆಗಳಲ್ಲಿ ಹೆಜ್ಜೆಗೊಂದು ಡೆಂಟಲ್ ಕ್ಲಿನಿಕ್ ಇದೆ. ಐದು ವರ್ಷ ಬಿಡಿಎಸ್ ಓದಿದ ಹುಡುಗಿಯರು ಇನ್ನೊಬ್ಬರ ಕ್ಲಿನಿಕ್‌ನಲ್ಲಿ ಅಲ್ಪ ಸಂಬಳಕ್ಕೆ ದುಡಿಯುತ್ತಾರೆ, ಇಲ್ಲವೇ ಡ್ರಿಲ್ ಕೆಳಗಿಟ್ಟು ಮೆಡಿಕಲ್ ಕೋಡಿಂಗ್ ಕಂಪನಿ ಸೇರುತ್ತಾರೆ. ಕೊರತೆ ಇರುವುದು ಸರ್ಕಾರಿ ಹುದ್ದೆಯದು. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತ ವೈದ್ಯರ ಹುದ್ದೆ ಇದೆ. ಬೆಂಗಳೂರಿನಲ್ಲಿ ವಾರ್ಡಿಗೊಂದರಂತೆ 243 ‘ನಮ್ಮ ಕ್ಲಿನಿಕ್’ ಎಂದು ಯೋಜಿಸಿದಾಗ ಒಬ್ಬ ಎಂಬಿಬಿಎಸ್ ವೈದ್ಯರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಗ್ರೂಪ್ ಡಿ ಎಂದು ಹುದ್ದೆ ಕೊಟ್ಟರು. ಹಲ್ಲಿಗೆ ಯಾರೂ ಇಲ್ಲ. ಕೇಂದ್ರದ ಮಾರ್ಗಸೂಚಿಯಲ್ಲಿ ಪ್ರಾಥಮಿಕ ಮಟ್ಟದಲ್ಲಿ ಕೊಡಬೇಕಾದ 12 ಸೇವೆಗಳ ಪೈಕಿ ಬಾಯಿಯ ಆರೋಗ್ಯವೂ ಒಂದು. ಹಾಳೆಯ ಮೇಲೆ ಸೇವೆ ಇದೆ, ಮಾಡುವವರು ಇಲ್ಲ. ನಿಮಗೆ ನೋವಿನ ಮಾತ್ರೆ ಕೊಟ್ಟು ಕಳಿಸಿದ ಆ ಡಾಕ್ಟರ್ ಮೇಲೆ ಸಿಟ್ಟಾಗಬೇಡಿ. ಅವರ ಕೈಯಲ್ಲಿದ್ದದ್ದು ಅಷ್ಟೇ.

ಇನ್ನು ಕಾನೂನಿನ ಮಾತು. ಮಾಡಬಹುದು. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಔಷಧಾಲಯ ಎಲ್ಲ ಬರುತ್ತವೆ, ಅಂದರೆ ವಿಧಾನಸಭೆಗೆ ಪೂರ್ತಿ ಅಧಿಕಾರವಿದೆ. ವೈದ್ಯ ವೃತ್ತಿಯ ಅರ್ಹತೆ, ನೋಂದಣಿ ಮಾತ್ರ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. 1948ರ ದಂತವೈದ್ಯರ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಮಾಡಿದೆ. ಯಾರು ಹಲ್ಲಿನ ಡಾಕ್ಟರ್ ಆಗಬಹುದು ಎಂಬುದನ್ನು ದಿಲ್ಲಿ ನೋಡಿಕೊಳ್ಳುತ್ತದೆ, ಲಗ್ಗೆರೆಯಲ್ಲಿ ಹಲ್ಲಿನ ಆಸ್ಪತ್ರೆ ಇರಬೇಕೋ ಬೇಡವೋ ಎಂಬುದನ್ನು ವಿಧಾನಸೌಧ ನೋಡಿಕೊಳ್ಳಬೇಕು ಎಂದು ಇಟ್ಟುಕೊಳ್ಳಿ.

ಆದರೂ ಮೊದಲ ಮನವಿಯಲ್ಲೇ ಕಾನೂನು ಕೇಳಬೇಡಿ ಎಂಬುದು ನನ್ನ ಸಲಹೆ. ಕಾರಣ ಇದೆ. ರಾಜಸ್ಥಾನ 2023ರ ಮಾರ್ಚ್‌ನಲ್ಲಿ ಆರೋಗ್ಯದ ಹಕ್ಕಿನ ಕಾಯ್ದೆ ಮಾಡಿತು, ದೇಶದಲ್ಲೇ ಮೊದಲು. ಖಾಸಗಿ ವೈದ್ಯರು ಬೀದಿಗಿಳಿದರು, ರಾಜಿ ಆಯಿತು, ಆದರೆ ಜಾರಿಗೆ ಬೇಕಾದ ನಿಯಮಗಳು ಬಹುಕಾಲ ಹೊರಬರಲಿಲ್ಲ. ನಮ್ಮಲ್ಲೇ 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ನವೆಂಬರ್‌ನಲ್ಲಿ ಖಾಸಗಿ ಆಸ್ಪತ್ರೆಗಳು ಬಾಗಿಲು ಹಾಕಿದವು. ಕೊನೆಗೆ ಸಾಕಷ್ಟು ಮೆತ್ತಗಾದ ರೂಪದಲ್ಲಿ ಅದು ಪಾಸಾಯಿತು. ದೊಡ್ಡ ಕಾನೂನು ಕೇಳಿದರೆ ದೊಡ್ಡ ಜಗಳ ಶುರುವಾಗುತ್ತದೆ, ನಿಮ್ಮ ಅಮ್ಮನ ಹಲ್ಲು ಅಷ್ಟು ದಿನ ಕಾಯುವುದಿಲ್ಲ.

ಈಗ ಇನ್ನೊಂದು ಉದಾಹರಣೆ ನೋಡಿ. 2013ರ ಮೇ 31ರಂದು ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಅದಕ್ಕೆ ವಿಧಾನಸಭೆಯಲ್ಲಿ ಹೊಸ ಮಸೂದೆ ಬರಲಿಲ್ಲ. ಆಹಾರದಲ್ಲಿ ತಂಬಾಕು, ನಿಕೋಟಿನ್ ಬೆರೆಸಬಾರದು ಎಂಬ ನಿಯಮ ಕೇಂದ್ರ ಆಹಾರ ಸುರಕ್ಷತಾ ಕಾಯ್ದೆಯಡಿ 2011ರಲ್ಲೇ ಬಂದಿತ್ತು. ಅದನ್ನು ಹಿಡಿದು ಆದೇಶ ಹೊರಡಿಸಿದರು, ಅಷ್ಟೇ. ಬಾಯಿ ಕ್ಯಾನ್ಸರ್ ರೋಗಿಗಳನ್ನು ದಿನವೂ ನೋಡುವ ವೈದ್ಯರು ಇಂಥ ನಿಷೇಧಕ್ಕಾಗಿ ದೇಶದ ಹಲವೆಡೆ ಸರ್ಕಾರಗಳ ಬೆನ್ನು ಬಿದ್ದಿದ್ದರು. ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಎಂದು ಮಾಡಿ ಮಾರುವ ದಾರಿಯನ್ನು ವ್ಯಾಪಾರಿಗಳು ಕಂಡುಕೊಂಡರು, ಆ ಹೋರಾಟ ಇನ್ನೂ ಮುಗಿದಿಲ್ಲ. ಆದರೆ ಇರುವ ಕಾನೂನಿನ ಒಳಗೇ ಒಂದು ಆದೇಶದಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದು ಸಾಕ್ಷಿ. ಶಾಲೆ ಮಕ್ಕಳಿಗೆ ಹಾಲು ಕೊಡುವ ಕ್ಷೀರ ಭಾಗ್ಯವೂ ಹಾಗೇ, ಸರ್ಕಾರಿ ಆದೇಶದಿಂದ ಬಂದದ್ದು.

ಹೊರದೇಶದ ಒಂದು ಘಟನೆಯನ್ನೂ ಹೇಳಬೇಕು. 2007ರ ಫೆಬ್ರವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 12 ವರ್ಷದ ಬಡ ಹುಡುಗನೊಬ್ಬ ಹಲ್ಲಿನ ಸೋಂಕು ಮಿದುಳಿಗೆ ಏರಿ ಸತ್ತುಹೋದ. ಆ ಹಲ್ಲನ್ನು ಕೀಳಿಸಲು ಸುಮಾರು 80 ಡಾಲರ್ ಸಾಕಿತ್ತು. ಅವನನ್ನು ಉಳಿಸಲು ಆಸ್ಪತ್ರೆ ಮಾಡಿದ ಖರ್ಚು ಎರಡೂವರೆ ಲಕ್ಷ ಡಾಲರ್ ಮುಟ್ಟಿತು. ಬಡ ಮಕ್ಕಳನ್ನು ನೋಡಲು ಒಪ್ಪುವ ದಂತವೈದ್ಯರೇ ಸಿಗುತ್ತಿರಲಿಲ್ಲ, ಕುಟುಂಬದ ಸರ್ಕಾರಿ ವಿಮೆಯೂ ನಡುವೆ ನಿಂತುಹೋಗಿತ್ತು. ಆ ತಾಯಿಯ ಸಂಕಟವನ್ನೂ ಆ ಎರಡು ಮೊತ್ತಗಳನ್ನೂ ಒಟ್ಟಿಗೆ ಹಿಡಿದು ಜನ ಶಾಸನಸಭೆಗಳ ಮುಂದೆ ಹೋದರು. ಮೇರಿಲ್ಯಾಂಡ್ ತನ್ನ ವ್ಯವಸ್ಥೆ ಬದಲಿಸಿತು. 2009ರಲ್ಲಿ ಬಡ ಮಕ್ಕಳ ಆರೋಗ್ಯ ವಿಮೆಯಲ್ಲಿ ಹಲ್ಲಿನ ಚಿಕಿತ್ಸೆ ಇರಲೇಬೇಕೆಂದು ಅಲ್ಲಿನ ಕೇಂದ್ರ ಸರ್ಕಾರವೂ ಕಾನೂನು ಮಾಡಿತು. ಅದೇ ವರ್ಷ ಮಿನ್ನೆಸೋಟ ರಾಜ್ಯ ಇನ್ನೊಂದು ದಾರಿ ಹಿಡಿಯಿತು: ಪೂರ್ಣ ದಂತವೈದ್ಯರಲ್ಲದ, ಆದರೆ ಹಲ್ಲು ತುಂಬುವಂಥ ಕೆಲಸಕ್ಕೆ ತರಬೇತಾದ ‘ಡೆಂಟಲ್ ಥೆರಪಿಸ್ಟ್’ ಎಂಬ ಹೊಸ ವೃತ್ತಿಗೆ ಕಾನೂನಿನಲ್ಲಿ ಜಾಗ ಕೊಟ್ಟಿತು. ನಮ್ಮಲ್ಲೂ ಅದನ್ನೇ ಮಾಡೋಣ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಲ್ಲಿ ಹಳ್ಳಿಗಳಿಗೆ ದಂತವೈದ್ಯರು ಸಿಗದೆ ಆ ದಾರಿ ಹಿಡಿದರು. ಇಲ್ಲಿ ಓದಿದವರು ಕೆಲಸವಿಲ್ಲದೆ ಕೂತಿರುವಾಗ ಇನ್ನೊಂದು ವೃತ್ತಿ ಹುಟ್ಟುಹಾಕುವ ಮೊದಲು ಇರುವವರಿಗೆ ಹುದ್ದೆ ಕೊಡಬೇಕು.

ಹಾಗಾದರೆ ಏನು ಕೇಳಬೇಕು? ನಿಮ್ಮ ಭಾಗದ ಪಾಲಿಕೆಯ ರೆಫರಲ್ ಆಸ್ಪತ್ರೆ ಅಥವಾ ಹೆರಿಗೆ ಆಸ್ಪತ್ರೆಯಲ್ಲಿ ಒಂದು ದಂತ ಘಟಕ ಕೇಳಿ. ‘ನಮ್ಮ ಕ್ಲಿನಿಕ್’ ಕಟ್ಟಡಗಳು ಚಿಕ್ಕವು, ಅಲ್ಲಿ ಡೆಂಟಲ್ ಚೇರ್ ಕೂರಿಸುವುದು ಕಷ್ಟ. ಚೇರ್ ಒಂದನ್ನೇ ಕೇಳಿದರೆ ಅದೊಂದೇ ಬರುತ್ತದೆ. ಶಾಸಕರ ನಿಧಿಯಿಂದಲೋ ಯಾವುದೋ ಕಂಪನಿ ಸಮಾಜಸೇವೆಗೆ ಎತ್ತಿಟ್ಟ ಸಿಎಸ್‌ಆರ್ ಹಣದಿಂದಲೋ ಚೇರ್ ಕೊಟ್ಟು, ರಿಬ್ಬನ್ ಕತ್ತರಿಸಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಆರು ತಿಂಗಳಿಗೆ ಕಂಪ್ರೆಸರ್ ಕೆಡುತ್ತದೆ. ಗಾಳಿ ಒತ್ತಡ ಇಲ್ಲದೆ ಡ್ರಿಲ್ ತಿರುಗುವುದಿಲ್ಲ, ರಿಪೇರಿಗೆಂದು ಹಣ ಎತ್ತಿಟ್ಟಿರುವುದಿಲ್ಲ, ಚೇರ್ ಮೇಲೆ ಪ್ಲಾಸ್ಟಿಕ್ ಹೊದಿಕೆ ಬೀಳುತ್ತದೆ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಕೇಳಬೇಕು: ಮಂಜೂರಾದ ದಂತ ವೈದ್ಯಾಧಿಕಾರಿ ಹುದ್ದೆ, ಒಬ್ಬ ಸಹಾಯಕರು, ಕಂಪ್ರೆಸರ್ ಮತ್ತು ಉಪಕರಣಗಳ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಸಮೇತ ಚೇರ್, ಹಲ್ಲಿನ ಎಕ್ಸ್‌ರೇ, ವರ್ಷ ವರ್ಷ ಸಾಮಗ್ರಿಗೂ ರಿಪೇರಿಗೂ ಹಣ. ವೇಳೆಯನ್ನೂ ಕೇಳಿ. ‘ನಮ್ಮ ಕ್ಲಿನಿಕ್’ ಸಾಮಾನ್ಯವಾಗಿ ಸಂಜೆ ನಾಲ್ಕೂವರೆಗೆ ಮುಚ್ಚುತ್ತದೆ, ಗಾರ್ಮೆಂಟ್ಸ್ ಶಿಫ್ಟ್ ಬಿಡುವುದು ಆಮೇಲೆ. ವಾರಕ್ಕೆ ಎರಡು ಸಂಜೆ, ಭಾನುವಾರ ಬೆಳಗ್ಗೆ ತೆರೆದಿರಲಿ ಎಂದು ಬರೆಯಿರಿ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ, ಆದರೆ ನಿಮ್ಮಂಥವರಿಗೆ ಇದೇ ಮುಖ್ಯ.

ಹಣ ಎಲ್ಲಿಂದ ಎಂದು ಕೇಳಿದರೆ ನಿಮ್ಮ ಬಳಿ ಉತ್ತರ ಇರಲಿ. ಕೇಂದ್ರದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ 2014-15ರಿಂದ ಇದೆ. ದಂತ ಘಟಕಕ್ಕೆ ಬೇಕಾದ ಸಿಬ್ಬಂದಿ, ಉಪಕರಣ, ಸಾಮಗ್ರಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ ಹಣ ಕೇಳಬಹುದು. ಅಭಿಯಾನದ ವೆಚ್ಚದಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಆದರೆ ರಾಜ್ಯ ತನ್ನ ಕ್ರಿಯಾಯೋಜನೆಯಲ್ಲಿ ಬರೆದು ಕಳಿಸಿದರೆ ಮಾತ್ರ ಬರುತ್ತದೆ. ‘ಮುಂದಿನ ಕ್ರಿಯಾಯೋಜನೆಯಲ್ಲಿ ಸೇರಿಸಿ’ ಎಂಬ ಮೂರು ಪದದ ಬೇಡಿಕೆ ಕಚೇರಿಯಲ್ಲಿ ಬೇಗ ಅರ್ಥವಾಗುತ್ತದೆ.

ಇನ್ನೊಂದು ಚಿಕ್ಕ ಬೇಡಿಕೆ ಸೇರಿಸಿ ಎಂದು ನಾನು ಒತ್ತಾಯಿಸುತ್ತೇನೆ. ಹುಳುಕಿನ ಮೇಲೆ ಹಚ್ಚಿದರೆ ಅದನ್ನು ಅಲ್ಲಿಗೇ ನಿಲ್ಲಿಸಬಲ್ಲ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಇದೆ. ಹಲ್ಲು ತುಂಬಲು ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟ್ ಇದೆ. ಹುಳುಕನ್ನು ಕೈ ಉಪಕರಣದಲ್ಲೇ ಕೆರೆದು ತೆಗೆದು ಇದನ್ನು ತುಂಬಬಹುದು, ಡ್ರಿಲ್ ಬೇಡ, ಕರೆಂಟೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇವೆರಡನ್ನೂ, ಫ್ಲೋರೈಡ್ ಟೂತ್‌ಪೇಸ್ಟನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹುಳುಕಿನ ಬಣ್ಣ ಕಪ್ಪಾಗುತ್ತದೆ ಎಂಬುದು ಆ ದ್ರವದ ಒಂದು ತೊಡಕು, ಮಕ್ಕಳಿಗೆ ಹಚ್ಚುವಾಗ ಅದನ್ನು ತಂದೆ-ತಾಯಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಇವನ್ನು ಖರೀದಿಸಿ, ತಿಂಗಳಿಗೆರಡು ದಿನ ದಂತವೈದ್ಯರು ಅಂಗನವಾಡಿ, ಸರ್ಕಾರಿ ಶಾಲೆಗೆ ಹೋದರೂ ಸಾಕು, ನಿಮ್ಮ ಸಂಘದವರ ಮೊಮ್ಮಕ್ಕಳು ಮುಂದೆ ರೂಟ್ ಕೆನಾಲ್‌ಗೆ ಅಲೆಯುವುದು ಎಷ್ಟೋ ತಪ್ಪುತ್ತದೆ. ಶಾಲಾ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಕಾರ್ಯಕ್ರಮದಲ್ಲಿ ಹಲ್ಲನ್ನೂ ನೋಡುತ್ತಾರೆ. ಹುಳುಕಿದೆ ಎಂದು ಚೀಟಿ ಬರೆದುಕೊಟ್ಟ ಮೇಲೆ ಆ ಮಗು ಎಲ್ಲಿಗೆ ಹೋಗಬೇಕು ಎಂಬಲ್ಲಿ ದಾರಿ ಕಡಿದುಹೋಗುತ್ತದೆ.

ಮನವಿ ಒಂದೇ ಪುಟ ಇರಲಿ. ಹೀಗೆ ಬರೆಯಬಹುದು:

“ಮಾನ್ಯರೇ, ಲಗ್ಗೆರೆ ಸುತ್ತಮುತ್ತ ಗಾರ್ಮೆಂಟ್ಸ್, ಮನೆಗೆಲಸ, ಆಟೊ ಓಡಿಸಿ ಬದುಕುವ ಕುಟುಂಬಗಳಿವೆ. ಹಲ್ಲುನೋವು ಬಂದರೆ ನಡೆದು ಹೋಗುವಷ್ಟು ದೂರದಲ್ಲಿ ಸರ್ಕಾರಿ ಚಿಕಿತ್ಸೆ ಇಲ್ಲ. ನಮ್ಮ ಸಂಘದ ಸದಸ್ಯರ ಕುಟುಂಬಗಳು ಕಳೆದ ಒಂದು ವರ್ಷದಲ್ಲಿ ಹಲ್ಲಿಗೆ ಮಾಡಿದ ಖರ್ಚು, ಕಳೆದುಕೊಂಡ ಕೆಲಸದ ದಿನ, ಕೀಳಿಸಿದ ಹಲ್ಲುಗಳ ಪಟ್ಟಿಯನ್ನು ಲಗತ್ತಿಸಿದ್ದೇವೆ. ನಮ್ಮ ಭಾಗದ ಪಾಲಿಕೆ ಆಸ್ಪತ್ರೆಯಲ್ಲಿ ದಂತ ವೈದ್ಯಾಧಿಕಾರಿ ಹುದ್ದೆ ಸಹಿತ ದಂತ ಘಟಕ ಮಂಜೂರು ಮಾಡಿಸಬೇಕೆಂದು, ಸಂಜೆ ಮತ್ತು ಭಾನುವಾರದ ವೇಳೆ ನಿಗದಿ ಮಾಡಿಸಬೇಕೆಂದು, ಸದನದಲ್ಲಿ ಈ ಬಗ್ಗೆ ಪ್ರಶ್ನೆ ಎತ್ತಬೇಕೆಂದು ಕೋರುತ್ತೇವೆ.”

ಆ ಪಟ್ಟಿಯೇ ಮನವಿಯ ಜೀವ. ಒಂದು ಭಾನುವಾರ ಸಂಘದ ಸಭೆಯಲ್ಲಿ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾರಿಗೆ, ಯಾವ ತಿಂಗಳು, ಎಲ್ಲಿಗೆ ಹೋದರು, ಎಷ್ಟಾಯಿತು, ಎಷ್ಟು ದಿನ ರಜೆ, ಸಾಲ ಮಾಡಿದರಾ. ರಸೀದಿ ಇದ್ದವರ ರಸೀದಿಯ ಜೆರಾಕ್ಸ್ ಸೇರಿಸಿ. ಹೆಸರು ಹಾಕಲು ಇಷ್ಟವಿಲ್ಲದವರ ಹೆಸರು ಬಿಡಿ. ಶಾಸಕರ ಮುಂದೆ ಇಬ್ಬರು ಮಾತಾಡಲಿ: ಒಬ್ಬರು ತಮ್ಮ ಮನೆಯ ಕಥೆ ಹೇಳಲಿ, ಇನ್ನೊಬ್ಬರು ಪಟ್ಟಿಯ ಮೊತ್ತ ಓದಲಿ.

ಯಾರಿಗೆ ಕೊಡಬೇಕು ಎಂಬುದರಲ್ಲಿ ಈಗ ಸ್ವಲ್ಪ ಬದಲಾಗಿದೆ. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳು ಬಂದಿವೆ. ಶಾಸಕರಿಗೆ ಕೊಟ್ಟ ಪ್ರತಿಯನ್ನೇ ನಿಮ್ಮ ಪಾಲಿಕೆಯ ಆಯುಕ್ತರಿಗೂ ಆರೋಗ್ಯ ಇಲಾಖೆಯ ಆಯುಕ್ತರಿಗೂ ಕೊಡಿ. ಸದನದ ಒಳಗೆ ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಸಚಿವರು ಎದ್ದು ನಿಂತು ಉತ್ತರ ಹೇಳಬೇಕಾಗುತ್ತದೆ, ಉತ್ತರ ದಾಖಲೆಗೆ ಹೋಗುತ್ತದೆ. ‘ಬೆಂಗಳೂರಿನ ಪಾಲಿಕೆ ಆಸ್ಪತ್ರೆಗಳಲ್ಲಿ ಎಷ್ಟು ದಂತ ವೈದ್ಯರ ಹುದ್ದೆ ಮಂಜೂರಾಗಿದೆ, ಎಷ್ಟು ಖಾಲಿ ಇದೆ, ಎಷ್ಟು ಚೇರ್ ಕೆಲಸ ಮಾಡುತ್ತಿವೆ’ ಎಂಬ ಪ್ರಶ್ನೆಯನ್ನು ನೀವೇ ಬರೆದುಕೊಡಿ, ಶಾಸಕರ ಆಪ್ತ ಸಹಾಯಕರಿಗೆ ಕೆಲಸ ಹಗುರಾಗುತ್ತದೆ. ವಿಧಾನಸಭೆಯಲ್ಲಿ ಅರ್ಜಿಗಳ ಸಮಿತಿಯೂ ಇದೆ; ಶಾಸಕರ ಮೂಲಕ ಅಲ್ಲಿಗೆ ಅರ್ಜಿ ಸಲ್ಲಿಸಿದರೆ ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳಬಹುದು. ಡಿಸೆಂಬರ್‌ನಲ್ಲಿ ಸಾಮಾನ್ಯವಾಗಿ ಬೆಳಗಾವಿ ಅಧಿವೇಶನ, ಬಜೆಟ್ ಫೆಬ್ರವರಿ-ಮಾರ್ಚ್‌ನಲ್ಲಿ. ಇಲಾಖೆಗಳು ಬಜೆಟ್ ಪ್ರಸ್ತಾವ ಸಿದ್ಧಮಾಡುವುದು ಅದಕ್ಕೂ ಮೊದಲು, ಹಾಗಾಗಿ ನಿಮ್ಮ ಮನವಿ ನವೆಂಬರ್ ಒಳಗೆ ಕೈಸೇರಿದರೆ ಒಳ್ಳೆಯದು.

ಒಂದು ಘಟಕ ಬಂದು ಒಂದೆರಡು ವರ್ಷ ನಡೆದ ಮೇಲೆ ಕಾನೂನು ಕೇಳಿ. ಆದೇಶದಿಂದ ಬಂದದ್ದು ಇನ್ನೊಂದು ಆದೇಶದಿಂದ ಹೋಗಬಹುದು, ಕಾನೂನು ಬೇಕಾಗುವುದು ಅದಕ್ಕೆ. ಆಗ ಕೇಳುವ ಕಾನೂನಿನಲ್ಲಿ ಇಷ್ಟು ಜನಸಂಖ್ಯೆಗೆ ಒಂದು ದಂತ ಘಟಕ ಇರಲೇಬೇಕು, ಖಾಲಿ ಹುದ್ದೆಯನ್ನು ಇಷ್ಟು ತಿಂಗಳಲ್ಲಿ ತುಂಬಲೇಬೇಕು, ನೋವಿರುವ ಹಲ್ಲನ್ನು ಇಷ್ಟು ದಿನದೊಳಗೆ ನೋಡಲೇಬೇಕು ಎಂದು ಸಂಖ್ಯೆ ಹಾಕಿಸಿ. ಸೇವೆಗೆ ದಿನದ ಗಡುವು ಹಾಕಿ ಖಾತರಿ ಕೊಡುವ ಪದ್ಧತಿ ನಮಗೆ ಹೊಸದಲ್ಲ, 2011ರ ಸಕಾಲ ಕಾಯ್ದೆ ಅದೇ ತಳಹದಿಯ ಮೇಲೆ ನಿಂತಿದೆ. ಸಂಖ್ಯೆ ಇಲ್ಲದ ‘ಬಾಯಿ ಆರೋಗ್ಯದ ಹಕ್ಕು’ ಎಂಬ ಕಾನೂನು ಬಂದರೂ ಲಗ್ಗೆರೆಗೆ ತಲುಪುವುದಿಲ್ಲ.

ಮನವಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಎರಡು ತಿಂಗಳಾದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರ ಹೆಸರಲ್ಲಿ ಹಾಕಿದರೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ‘ಇಂಥ ದಿನಾಂಕದ ನಮ್ಮ ಮನವಿಯ ಮೇಲೆ ಈವರೆಗೆ ಕೈಗೊಂಡ ಕ್ರಮ, ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಕಡತ ಯಾರ ಟೇಬಲ್ಲಿನಲ್ಲಿ ನಿಂತಿದೆ ಎಂದು ಆ ಟಿಪ್ಪಣಿಯಲ್ಲಿ ಗೊತ್ತಾಗುತ್ತದೆ, ಮುಂದಿನ ಸಲ ನೇರ ಅಲ್ಲಿಗೇ ಹೋಗಿ.